ಅಣ್ಣನ ಕೈ, ಅಣ್ಣನ ಬಾಯಿ

ಇನ್ನೊಬ್ಬರ ಬಾಯಿ ಮುಚ್ಚಿಸಬೇಕು ಎಂಬ ಆಸೆ ಎಲ್ಲರಿಗೂ ದಿನಕ್ಕೊಮ್ಮೆಯಾದರೂ ಬರುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ತಮ್ಮ ಹೊಟ್ಟೆಯ ಸಮಾಚಾರವನ್ನು ಇಡೀ ಬಸ್ಸಿಗೆ ಕೇಳುವಂತೆ ಫೋನಿನಲ್ಲಿ ಹೇಳುವಾಗ ಬರುತ್ತದೆ. ಸಭೆಯಲ್ಲಿ ವಂದನಾರ್ಪಣೆಗೆ ನಿಂತವರು ಅಧ್ಯಕ್ಷರಿಂದ ಹಿಡಿದು ಶಾಮಿಯಾನದವರವರೆಗೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ನೆನೆಯುವಾಗ ಬರುತ್ತದೆ. ಬಂದಷ್ಟೇ ಬೇಗ ಹೋಗಿಯೂ ಬಿಡುತ್ತದೆ, ಏಕೆಂದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಸಜ್ಜನರೆಂದು ಹೆಸರು ಪಡೆದವರಲ್ಲಿ ಅರ್ಧ ಜನ ಹೀಗೆ ಕೈಯಲ್ಲಿ ಏನೂ ಇಲ್ಲದ್ದರಿಂದಲೇ ಸಜ್ಜನರಾಗಿ ಉಳಿದವರು ಎಂದು ನನ್ನ ಅನುಮಾನ. ನಾನೂ ಸುಮಾರು ಅರವತ್ತು ವರ್ಷ ಹಾಗೇ ಉಳಿದಿದ್ದೆ. ಆಮೇಲೆ ನನ್ನ ಕೈಗೆ ಒಂದು ಯಂತ್ರ ಬಂತು. ಅದರಲ್ಲೊಂದು ಗುಂಡಿ ಒತ್ತಿದರೆ ನನ್ನ ಒಡಹುಟ್ಟಿದ ಅಣ್ಣನ ನಾಲಿಗೆ ಭಾರವಾಗುತ್ತಿತ್ತು. ನಾನು ಒತ್ತಿದೆ. ಅದನ್ನು ಹೇಳಿಕೊಳ್ಳಲೆಂದೇ ಇಷ್ಟು ಪೀಠಿಕೆ.

ಅಣ್ಣ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವನು. ಹೆಸರು ರಮಣಪ್ಪ. ನಮ್ಮ ಮನೆಯಲ್ಲಿ ಮಾತು ತೆಲುಗು, ಬೀದಿಗಿಳಿದರೆ ಕನ್ನಡ, ಸಿಟ್ಟು ಬಂದರೆ ಎರಡೂ. ನನಗಿಂತ ಏಳು ವರ್ಷ ದೊಡ್ಡವನಾದ್ದರಿಂದ ಅವನು ನನ್ನನ್ನು ಇವತ್ತಿಗೂ ‘ಪಾಪ’ ಎಂದೇ ಕರೆಯುವುದು. ತೆಲುಗಿನಲ್ಲಿ ಅದು ಸಣ್ಣ ಹುಡುಗಿಯನ್ನು ಮುದ್ದಿನಿಂದ ಕರೆಯುವ ಮಾತು. ನಾನು ಮದುವೆಯಾಗಿ ಚಳ್ಳಕೆರೆ ಸೇರಿ, ಪರಶುರಾಂಪುರದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿ, ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವ ಮಟ್ಟಕ್ಕೆ ಬೆಳೆದ ಮೇಲೂ ಪಾಪಳಾಗಿಯೇ ಉಳಿದೆ. ಒಮ್ಮೆ ಅವನು ಶಾಲೆಗೆ ಬಂದು ಅಟೆಂಡರ್ ಹತ್ತಿರ ‘ಪಾಪ ಎಲ್ಲವ್ಳೆ’ ಎಂದು ಕೇಳಿದಾಗ, ಆತ ಯಾವುದೋ ಮಗು ಕಳೆದುಹೋಗಿದೆಯೆಂದು ಗಾಬರಿಯಿಂದ ಗಂಟೆ ಬಾರಿಸಲು ಹೊರಟಿದ್ದ.

ಅಣ್ಣನಿಗೆ ಮಾತು ಎಂದರೆ ಉಸಿರಾಟ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಲಾಳಿ ಈ ಕಡೆಯಿಂದ ಆ ಕಡೆಗೆ, ಮಾತು ಆ ಕಡೆಯಿಂದ ಈ ಕಡೆಗೆ. ಬೆಳಿಗ್ಗೆ ಪೇಪರಿನಲ್ಲಿ ಓದಿದ್ದು, ಯಾರದೋ ಮನೆಯ ಸಂಬಂಧ ಮುರಿದದ್ದು, ಸೆರಗಿಗೆ ಯಾವ ಬಣ್ಣ ಕೂಡಿದರೆ ಒಡಲು ಎದ್ದು ಕಾಣುತ್ತದೆ ಎಂಬುದು, ಎಲ್ಲವೂ ಒಂದೇ ಉಸಿರಿನಲ್ಲಿ. ಮೊಬೈಲ್ ಬಂದ ಮೇಲೆ ಈ ಪ್ರವಾಹ ಚಳ್ಳಕೆರೆಯವರೆಗೂ ಹರಿಯಿತು. ದಿನಾ ಬೆಳಿಗ್ಗೆ ನಾನು ಒಗ್ಗರಣೆ ಹಾಕುವ ಹೊತ್ತಿಗೇ ಸರಿಯಾಗಿ ಅವನ ಫೋನು. ‘ಸ್ವಲ್ಪ ಕಮ್ಮಿ ಮಾತಾಡಣ್ಣ’ ಎಂದು ನಾನೊಮ್ಮೆ ಧೈರ್ಯ ಮಾಡಿ ಹೇಳಿದ್ದೆ. ಅವನು ಸಿದ್ದಾಪುರದ ಹತ್ತಿರ ಬ್ರಹ್ಮಗಿರಿಯ ಬಂಡೆಯನ್ನು ಎಳೆದು ತಂದ. ಅಶೋಕನು ತಂದೆತಾಯಿಯ ಮಾತು ಕೇಳಿ, ಸತ್ಯ ಹೇಳಿ ಎಂದು ಆ ಬಂಡೆಯ ಮೇಲೆ ಕೊರೆಸಿ ಎರಡು ಸಾವಿರ ವರ್ಷದ ಮೇಲಾಯಿತು, ಆ ಪುಣ್ಯಾತ್ಮ ಇನ್ನೂ ಬಾಯಿ ಮುಚ್ಚಿಲ್ಲ, ಅವನನ್ನು ನೋಡಲು ನೀನು ಮಕ್ಕಳನ್ನು ಬಸ್ಸು ಮಾಡಿಕೊಂಡು ಕರೆದೊಯ್ಯುತ್ತೀಯ, ನನಗೆ ಮಾತ್ರ ಕಮ್ಮಿ ಮಾತಾಡು ಅನ್ನುತ್ತೀಯ ಎಂದು ಅರ್ಧ ಗಂಟೆ ವಾದಿಸಿದ. ಒಗ್ಗರಣೆ ಸೀದುಹೋಯಿತು.

ಇಂಥ ಅಣ್ಣನ ಕೈ ನಡುಗಲು ಶುರುವಾದದ್ದು ಕೆಲವು ವರ್ಷಗಳ ಹಿಂದೆ. ಮೊದಲು ಕಾಫಿ ಲೋಟ ತುಳುಕಿತು. ಆಮೇಲೆ ಸಹಿ ವಕ್ರವಾಯಿತು. ಕೈಯನ್ನು ಸುಮ್ಮನೆ ತೊಡೆಯ ಮೇಲಿಟ್ಟುಕೊಂಡರೆ ನಡುಕವಿಲ್ಲ. ಏನಾದರೂ ಮಾಡಲು ಹೋದರೆ ಸಾಕು, ಕೈ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಊರಿನವರು ಕುಡಿತ ಕಲಿತಿದ್ದಾನೆ ಎಂದರು. ಹೆಂಡದ ವಾಸನೆ ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದವನಿಗೆ ಈ ಬಿರುದು. ರೇಷ್ಮೆ ಎಳೆ ಕೂದಲಿಗಿಂತ ಸಣ್ಣದು. ಹಾಸಿನಲ್ಲಿ, ಎಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳಲ್ಲಿ, ಒಂದೆಳೆ ಹರಿದರೆ ಅದನ್ನು ಬೆರಳ ತುದಿಯಲ್ಲಿ ಹಿಡಿದು ಹೊಸೆದು ಕೂಡಿಸಬೇಕು. ಅಣ್ಣ ಒಂದು ಕೂಡಿಸಲು ಹೋದರೆ ಪಕ್ಕದ ನಾಲ್ಕು ಹರಿಯುತ್ತಿದ್ದವು. ಒಂದು ದಿನ ಅರ್ಧ ನೇಯ್ದ ಸೀರೆಯನ್ನು ಹಾಗೇ ಬಿಟ್ಟು, ಮಗ್ಗದ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿ, ಜಗಲಿಗೆ ಬಂದು ಕೂತ. ಮಾತೇನೂ ಕಡಿಮೆಯಾಗಲಿಲ್ಲ. ಆದರೆ ಮೊದಲು ನೇಯ್ಗೆಯ ಬಗ್ಗೆ ಮಾತಾಡುತ್ತಿದ್ದವನು ಈಗ ನೇಯ್ಗೆಯೊಂದನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ ಮಾತಾಡುತ್ತಿದ್ದ. ಫೋನಿನಲ್ಲೂ ನನಗದು ತಿಳಿಯುತ್ತಿತ್ತು.

ಮಾತ್ರೆಗಳು ಸೋತ ಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಎಲೆಕ್ಟ್ರಾನಿಕ್ ಚಿಪ್ಪಿನ ವಿಷಯ ಹೇಳಿದರು. ತಲೆಬುರುಡೆಯಲ್ಲಿ ಸಣ್ಣ ತೂತು ಕೊರೆದು ಮೆದುಳಿನೊಳಕ್ಕೆ ದಾರದಷ್ಟು ತೆಳ್ಳಗಿನ ತಂತಿ ಇಳಿಸುವುದು, ಎದೆಯ ಮೇಲ್ಭಾಗದಲ್ಲಿ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ ಹೂಳುವುದು. ಅದರಲ್ಲಿ ಚಿಪ್ಪು ಇರುತ್ತದೆ, ಬ್ಯಾಟರಿ ಇರುತ್ತದೆ, ಅದು ಮೆದುಳಿಗೆ ಸದಾ ಇಷ್ಟಿಷ್ಟೇ ಕರೆಂಟು ಕಳಿಸುತ್ತಾ ಇರುತ್ತದೆ ಎಂದರು. ಕೇಳಿ ಬಂದ ಮೇಲೆ ಒಂದು ತಿಂಗಳು ಮನೆಯಲ್ಲಿ ಅದೇ ಚರ್ಚೆ. ಅಣ್ಣನ ಹೆಂಡತಿಗೆ, ಎಂದರೆ ನಮ್ಮ ತೆಲುಗಿನ ಪ್ರಕಾರ ನನ್ನ ಒದಿನಳಿಗೆ, ಇದ್ದದ್ದು ಒಂದೇ ಹೆದರಿಕೆ. ಚಿಪ್ಪು ಹಾಕಿದರೆ ಗಂಡನ ಮನಸ್ಸಿನಲ್ಲಿರುವುದೆಲ್ಲ ಡಾಕ್ಟರ ಕಂಪ್ಯೂಟರಿನಲ್ಲಿ ಕಾಣುತ್ತದೆಯಂತೆ ಎಂದು ಯಾರೋ ಹೇಳಿದ್ದರು. ಅಣ್ಣನೇ ಸಮಾಧಾನ ಹೇಳಿದ. ನನ್ನ ಮನಸ್ಸಿನಲ್ಲಿ ಇರೋದೆಲ್ಲ ಆಗಲೇ ಊರಿಗೆಲ್ಲ ಹೇಳಿ ಮುಗಿಸೀನಿ, ಅವರಿಗೆ ಅಲ್ಲೇನು ಸಿಗ್ತೈತೆ ಎಂದ. ಒದಿನ ಒಪ್ಪಿದಳು. ಅಣ್ಣ ಡಾಕ್ಟರನ್ನು ಕೇಳಿದ್ದೂ ಒಂದೇ ಪ್ರಶ್ನೆ, ಆಪರೇಷನ್ ನಡೆಯುವಾಗ ಮಾತಾಡಬಹುದಾ ಎಂದು. ಎಚ್ಚರವಾಗಿದ್ದು ಮಾತಾಡಲೇಬೇಕು, ತಂತಿ ಸರಿಯಾದ ಜಾಗಕ್ಕೆ ಹೋಗಿದೆಯೋ ಇಲ್ಲವೋ ತಿಳಿಯುವುದೇ ಅದರಿಂದ ಎಂದು ಅವರು ಹೇಳಿದಾಗ ಅವನ ಮುಖ ಅರಳಿದ್ದನ್ನು ನಾನೇ ಕಂಡಿದ್ದೇನೆ.

ಆಪರೇಷನ್ನಿನ ಬೆಳಿಗ್ಗೆ ನಾವು ಹೊರಗೆ ಬೆಂಚಿನ ಮೇಲೆ ಕೂತು ದೇವರನ್ನು ನೆನೆಯುತ್ತಿದ್ದರೆ, ಒಳಗೆ ಅವನು ತಲೆಯನ್ನು ಚೌಕಟ್ಟಿಗೆ ಬಿಗಿಸಿಕೊಂಡು ಮಲಗಿ ಡಾಕ್ಟರಿಗೆ ಅಂಚಿನ ಬಣ್ಣವೇ ಬೇರೆ, ಒಡಲಿನ ಬಣ್ಣವೇ ಬೇರೆ ಬರುವಂತೆ ಮೂರು ಲಾಳಿಯಲ್ಲಿ ನೇಯುವುದು ಹೇಗೆ ಎಂದು ಪಾಠ ಮಾಡುತ್ತಿದ್ದನಂತೆ. ಆಮೇಲೆ ಒಬ್ಬ ನರ್ಸಮ್ಮ ಹೊರಗೆ ಬಂದು, ನಮ್ಮ ಸರ್ ಮಗಳ ಮದುವೆಗೆ ಎರಡು ಸೀರೆ ಬೇಕಂತೆ ಎಂದು ಒದಿನಳ ಕಿವಿಯಲ್ಲಿ ಹೇಳಿ ಹೋದಳು. ಆದರೆ ಅಣ್ಣ ಆ ದಿನದ ಒಂದು ಸಂಗತಿಯನ್ನು ಮಾತ್ರ ಹೆಚ್ಚು ಮಾತಿಲ್ಲದೆ ಹೇಳುತ್ತಾನೆ. ಡಾಕ್ಟರು ಕೈಗೆ ಪೆನ್ನು ಕೊಟ್ಟು ಕಾಗದದ ಮೇಲೆ ಶಂಖದಂತೆ ಸುತ್ತುಸುತ್ತಾಗಿ ಗೆರೆ ಎಳೆಯಲು ಹೇಳಿದರಂತೆ. ಗೆರೆ ಹಲ್ಲುಹಲ್ಲಾಗಿ ಬಂತು. ಎಳೆಯುತ್ತಲೇ ಇರಿ ಎಂದು ಒಳಗೆ ಕರೆಂಟು ಬಿಟ್ಟರು. ಬೆರಳ ತುದಿ ಜುಂ ಎಂದಿತು, ಅದೇ ಗೆರೆ ಎಣ್ಣೆ ಹರಿದಂತೆ ನಯವಾಗಿ ಸುತ್ತಿಕೊಂಡಿತು. ‘ಬಿಟ್ಟುಹೋಗಿದ್ದ ಕೈ ಮನೆಗೆ ಬಂದಂಗಾತು’ ಎನ್ನುತ್ತಾನೆ. ಆ ಕಾಗದ ಈಗಲೂ ಅವನ ದೇವರ ಪಟಗಳ ಹಿಂದಿದೆ.

ನಮ್ಮನೆಯವರಿಗೆ ಚಳ್ಳಕೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಮುತ್ತಲ ಬೋರ್‌ವೆಲ್ಲುಗಳ ಸುಟ್ಟ ಮೋಟಾರುಗಳೆಲ್ಲ ಅವರ ಮುಂದೆ ಬಂದು ಮಲಗುತ್ತವೆ. ಅವರಿಗೆ ಭಾವನ ತಲೆಗಿಂತ ಆ ಚಿಪ್ಪಿನ ಮೇಲೆ ಕುತೂಹಲ. ಎಷ್ಟು ಕರೆಂಟು ಎಂದು ಡಾಕ್ಟರನ್ನು ವಿಚಾರಿಸಿ, ಲೆಕ್ಕ ಹಾಕಿ, ಮೂರು ದಿನ ಬೆರಗಾಗಿ ಓಡಾಡಿದರು. ನಮ್ಮ ದೇವರ ಮನೆಯ ಕೆಂಪು ಬಲ್ಬಿನ ಮುಂದೆ ನಿಂತು, ಇದಕ್ಕೆ ಬೇಕಾದಷ್ಟು ಕರೆಂಟಿನಲ್ಲಿ ಒಂದು ಊರಿನ ಕೈನಡುಕ ನಿಲ್ಲಿಸಬಹುದು ಎಂದರು. ವಾರಕ್ಕೊಂದು ಸಲ ಭುಜದ ಮೇಲೆ ಪಟ್ಟಿಯಂಥ ಚಾರ್ಜರ್ ಹಾಕಿಕೊಂಡು ಒಂದು ಗಂಟೆ ಕೂತರೆ ಆಯಿತು, ಚರ್ಮದ ಮೇಲಿನಿಂದಲೇ ಬ್ಯಾಟರಿ ತುಂಬಿಕೊಳ್ಳುತ್ತದೆ. ದೊಡ್ಡ ಅಯಸ್ಕಾಂತಗಳ ಹತ್ತಿರ ಹೋಗಬಾರದು ಎಂದು ಡಾಕ್ಟರು ಹೇಳಿದ್ದನ್ನು ನಮ್ಮನೆಯವರು ಎಷ್ಟು ಮನಸ್ಸಿಗೆ ಹಚ್ಚಿಕೊಂಡರೆಂದರೆ, ಅಣ್ಣ ಅಂಗಡಿಯ ಬೀದಿಗೆ ಬಂದರೂ ಸಾಕು, ಸ್ಪ್ಯಾನರ್ ಹಿಡಿದೇ ಓಡಿ ಬಂದು ಅವನನ್ನು ಅಡ್ಡಗಟ್ಟುತ್ತಿದ್ದರು.

ತೊಡಕು ಬಂದದ್ದು ಆಮೇಲೆ. ಕೈ ಪೂರ್ತಿ ನಿಲ್ಲುವಷ್ಟು ಕರೆಂಟು ಕೊಟ್ಟರೆ ಅಣ್ಣನ ನಾಲಿಗೆ ದಪ್ಪವಾಗುತ್ತಿತ್ತು. ಮಾತು ಬಾಯಲ್ಲಿ ಬೆಲ್ಲದ ಅಚ್ಚು ಇಟ್ಟುಕೊಂಡವರಂತೆ ತೊದಲುತ್ತಿತ್ತು. ನಾಲಿಗೆ ಸಡಿಲವಾಗುವಷ್ಟು ಇಳಿಸಿದರೆ ಕೈ ನಡುಗುತ್ತಿತ್ತು, ಮೊದಲಿನಷ್ಟಲ್ಲ, ಆದರೆ ರೇಷ್ಮೆ ಎಳೆಗೆ ಅಷ್ಟು ಸಾಕು. ಕೆಲವರಿಗೆ ಹೀಗಾಗುತ್ತದೆ, ಎರಡರ ಜಾಗವೂ ಮೆದುಳಿನಲ್ಲಿ ಅಕ್ಕಪಕ್ಕ ಎಂದರು ಡಾಕ್ಟರು. ಹಲವು ಸಲ ಕರೆಸಿ ನೋಡಿ, ಕೊನೆಗೆ ಎರಡು ಅಳತೆಗಳನ್ನು ಚಿಪ್ಪಿನಲ್ಲಿ ಕೂರಿಸಿ, ಬದಲಾಯಿಸಿಕೊಳ್ಳಲು ಫೋನಿನಂಥ ಒಂದು ಯಂತ್ರ ಕೊಟ್ಟರು. ಒಂದನೆಯದು, ಎರಡನೆಯದು ಎಂದು ಅವರು ಹೆಸರಿಟ್ಟಿದ್ದರು. ಒದಿನ ಅದೇ ದಿನ ಅವಕ್ಕೆ ‘ಕೈ’ ಮತ್ತು ‘ಬಾಯಿ’ ಎಂದು ನಾಮಕರಣ ಮಾಡಿದಳು.

ಯಾವುದು ಬೇಕು ಎಂದು ಅಣ್ಣನನ್ನು ಕೇಳಿದರು. ನಾನಾಗಿದ್ದರೆ ಏನು ಹೇಳುತ್ತಿದ್ದೆ ಎಂದು ನನಗೆ ಈಗಲೂ ಗೊತ್ತಿಲ್ಲ. ಮನುಷ್ಯ ಎಂದರೆ ಅವನು ಮಾಡುವ ಕೆಲಸವೋ ಆಡುವ ಮಾತೋ ಎಂದು ಯಾರಾದರೂ ಭಾಷಣದಲ್ಲಿ ಕೇಳಿದ್ದರೆ ನಾನು ತೂಕಡಿಸುತ್ತಿದ್ದೆ. ಇಲ್ಲಿ ಅದನ್ನು ಒಂದು ಗುಂಡಿ ಕೇಳುತ್ತಿತ್ತು. ಅಣ್ಣ ಕೊನೆಗೆ, ‘ಆರು ದಿನ ಕೈ ಇರ್ಲಿ, ಭಾನುವಾರ ಬಾಯಿ’ ಎಂದ. ಮಾರನೆಯ ದಿನವೇ ಮಗ್ಗದ ಮೇಲಿನ ಬೆಡ್‌ಶೀಟು ಎದ್ದಿತು.

ಯಂತ್ರ ರೋಗಿಯ ಹತ್ತಿರವೇ ಇರಲಿ ಎಂದು ಡಾಕ್ಟರು ಹೇಳಿದ್ದರು. ಆದರೆ ಅಣ್ಣನಿಗೆ ಅದರ ಪರದೆಯ ಮೇಲಿನ ಇಂಗ್ಲಿಷ್ ಬರುವುದಿಲ್ಲ, ಒದಿನ ಅದನ್ನು ಚೇಳಿನಂತೆ ನೋಡುತ್ತಿದ್ದಳು. ನಾನು ಓದಿದವಳು. ಅದನ್ನು ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಪ್ರತಿ ಭಾನುವಾರ ಬಸ್ಸು ಹತ್ತಿ ಮೊಳಕಾಲ್ಮುರಿಗೆ ಹೋಗಿ, ಅಣ್ಣನನ್ನು ಬಾಯಿಗೆ ಹಾಕಿ, ಚಾರ್ಜರ್ ಪಟ್ಟಿ ಹೊದಿಸಿ, ಸಂಜೆ ಕೈಗೆ ಹಾಕಿ ಬರುತ್ತಿದ್ದೆ. ಆರು ದಿನದ ಮಾತನ್ನು ಅವನು ಒಂದೇ ದಿನಕ್ಕೆ ಆಡಿ ಮುಗಿಸುತ್ತಿದ್ದ. ವಾರದ ಉಳಿದ ದಿನಗಳಲ್ಲಿ ಫೋನಿಲ್ಲ. ತೊದಲು ಮಾತು ಕೇಳಿಸಲು ಅವನಿಗೆ ಸಂಕೋಚ. ನನ್ನ ಒಗ್ಗರಣೆಗಳು ಹದವಾಗಿ ಬರತೊಡಗಿದವು. ಅದರಿಂದ ನನಗೆ ಸಂತೋಷವಾಗುತ್ತಿತ್ತು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಇಷ್ಟರಲ್ಲಿ ನನ್ನ ನಿವೃತ್ತಿ ಬಂತು. ಶಾಲೆಯಲ್ಲಿ ಶನಿವಾರ ಬೀಳ್ಕೊಡುಗೆ ಎಂದು ನಿಶ್ಚಯವಾಯಿತು. ಅಣ್ಣನೂ ಒದಿನಳೂ ಹಿಂದಿನ ದಿನವೇ ಚಳ್ಳಕೆರೆಗೆ ಬಂದರು. ಬಾಯಿಗೆ ಹಾಕಿದ ತಕ್ಷಣ ಅಣ್ಣ ಹೇಳಿದ್ದು, ತಾನೂ ವೇದಿಕೆಯಲ್ಲಿ ಎರಡು ಮಾತು ಆಡುತ್ತೇನೆ, ಹೆಡ್‌ಮಾಸ್ಟರಿಗೆ ಆಗಲೇ ಕಾಗದ ಬರೆದು ತಿಳಿಸಿದ್ದೇನೆ ಎಂದು. ನನಗೆ ಅದು ಬೇಡವಾಗಿತ್ತು. ಅದಕ್ಕೆ ಕಾರಣವಿತ್ತು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಸಲ ಫೇಲಾದವಳು. ಫೇಲಾದದ್ದು ಗಣಿತದಲ್ಲಿ. ಎರಡನೆಯ ಸಲ ಕಟ್ಟಿ ಪಾಸಾಗಿ, ಛಲ ಹಿಡಿದು ಅದೇ ಗಣಿತವನ್ನು ಓದಿ ಮೇಡಂ ಆದೆ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಹೇಳಲಿಲ್ಲ, ಎರಡನೆಯ ವರ್ಷ ಹೇಳಲು ತಡವಾಗಿತ್ತು, ಹತ್ತನೆಯ ವರ್ಷದ ಹೊತ್ತಿಗೆ ‘ಗಣಿತದಲ್ಲಿ ನಾನು ಯಾವತ್ತೂ ಮುಗ್ಗರಿಸಿದವಳಲ್ಲ’ ಎಂದು ಮಕ್ಕಳ ಮುಂದೆ ಸರಾಗವಾಗಿ ಹೇಳುವ ಅಭ್ಯಾಸವಾಗಿತ್ತು. ನಮ್ಮನೆಯವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರಲ್ಲಿ ಬದುಕಿದ್ದವನು ಅಣ್ಣ ಒಬ್ಬನೇ. ಅವನೊಬ್ಬನಿಗೆ ಗೊತ್ತಿದೆಯೆಂದರೆ ಇನ್ನೂ ಯಾರಿಗೂ ಗೊತ್ತಾಗಿಲ್ಲವೆಂಬುದೇ ಒಂದು ಪವಾಡವಾಗಿತ್ತು. ಹಳೆಯದೆಲ್ಲ ತೆಗೆಯಬೇಡ ಎಂದು ಅವನಿಗೆ ಮೂರು ಸಲ ಹೇಳಿದೆ. ‘ಎರಡೇ ಮಾತು’ ಎಂದ. ಅವನ ಎರಡು ಮಾತಿನ ಅಳತೆ ನನಗೆ ತಿಳಿಯದ್ದೇನಲ್ಲ.

ಸಮಾರಂಭದ ದಿನ ನಮ್ಮನೆಯವರು ಬೆಳಿಗ್ಗೆಯೇ ಹೋಗಿ ಧ್ವನಿವರ್ಧಕದ ದೊಡ್ಡ ಪೆಟ್ಟಿಗೆಗಳನ್ನು ಮೈಕಿನಿಂದ ಹೆಜ್ಜೆ ಎಣಿಸಿ ದೂರ ಸರಿಸಿದರು, ಅವುಗಳೊಳಗಿನ ಅಯಸ್ಕಾಂತಕ್ಕೆ ಹೆದರಿ. ನನ್ನನ್ನು ವೇದಿಕೆಯ ನಡುವೆ ಕೂರಿಸಿ ಹಾರ ಹಾಕಿ, ಶಾಲು ಹೊದಿಸಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು. ಒಬ್ಬ ಕಿರಿಯ ಮೇಷ್ಟ್ರು, ಮೇಡಂ ಅವರ ಜೀವನದಲ್ಲಿ ಗಣಿತ ಎಂದೂ ಕೈಕೊಟ್ಟಿಲ್ಲ ಎಂದು ಹೊಗಳಿದರು. ನಾನು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು. ಆಮೇಲೆ ಅಣ್ಣ ಮೈಕಿನ ಮುಂದೆ ಬಂದ. ಕೈಯಲ್ಲಿ ಒಂದು ಚೀಟಿ, ಅದು ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿತ್ತು. ‘ನಮ್ಮ ಪಾಪ’ ಎಂದು ಶುರುಮಾಡಿದ. ಮಕ್ಕಳು ನಕ್ಕರು. ಎಂದೂ ಚೀಟಿ ಹಿಡಿದು ಮಾತಾಡಿದವನಲ್ಲ ಅವನು. ಅದನ್ನು ಕಂಡೇ ನನಗೆ ಹೆದರಿಕೆ ಹೆಚ್ಚಾಯಿತು.

‘ಈಕೆ ಎಸ್ಸೆಸ್ಸೆಲ್ಸಿ ಓದೋ ವರ್ಷ ನಮ್ಮ ಮನೇಲಿ ಒಂದು ಸಂಗತಿ ನಡೀತು. ಇಷ್ಟು ವರ್ಷ ನಾನು ಅದನ್ನ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಇವತ್ತು ಹೇಳಬೇಕು ಅಂತಾನೇ ಬಂದೀನಿ’ ಎಂದ.

ಯಂತ್ರ ಹಣ್ಣಿನ ಬುಟ್ಟಿಯ ಕೆಳಗೆ ನನ್ನ ಬ್ಯಾಗಿನಲ್ಲಿತ್ತು. ಶಾಲಿನ ಮರೆಯಲ್ಲಿ ನನ್ನ ಕೈ ಒಳಗೆ ಹೋದದ್ದು ನನಗೆ ನೆನಪಿದೆ. ಯೋಚಿಸಿದ್ದು ನೆನಪಿಲ್ಲ. ನೋಡದೆಯೇ ಒತ್ತುವಷ್ಟು ಅಭ್ಯಾಸವಾಗಿತ್ತು. ಒತ್ತಿದೆ. ಎರಡು ಕ್ಷಣ ಏನೂ ಆಗಲಿಲ್ಲ. ಅಣ್ಣ ‘ಆ ವರ್ಷ ಗಣಿ’ ಎಂದವನು ಅಲ್ಲೇ ನಿಂತ. ಮತ್ತೆ ಪ್ರಯತ್ನಿಸಿದ. ಮಾತು ಮುದ್ದೆಯಾಗಿ ಬಂತು. ಅವನು ಬಾಯಿ ಮುಚ್ಚಿ ತನ್ನ ಕೈ ನೋಡಿಕೊಂಡ. ಚೀಟಿ ಅಲ್ಲಾಡುತ್ತಿರಲಿಲ್ಲ. ಕಲ್ಲಿನ ಮೇಲೆ ಇಟ್ಟಂತೆ ನಿಂತಿತ್ತು. ಅದನ್ನು ನಿಧಾನವಾಗಿ ನಾಲ್ಕಾಗಿ ಮಡಚಿ ಜೇಬಿಗೆ ಹಾಕಿ, ಸಭೆಗೆ ಕೈಮುಗಿದು, ಹೋಗಿ ಕೂತ. ನನ್ನ ಕಡೆ ನೋಡಲಿಲ್ಲ. ಹೆಡ್‌ಮಾಸ್ಟರು ಎದ್ದು, ತಂಗಿಯ ಮೇಲಿನ ಪ್ರೀತಿಯಿಂದ ಅವರಿಗೆ ಗಂಟಲು ಕಟ್ಟಿತು ಎಂದರು. ಇಡೀ ದಿನದಲ್ಲಿ ಅಷ್ಟು ಜೋರಾದ ಚಪ್ಪಾಳೆ ಇನ್ಯಾರಿಗೂ ಬೀಳಲಿಲ್ಲ. ಮುಂದಿನ ಸಾಲಿನಲ್ಲಿ ಹಿಂದಿ ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದರು.

ಊಟಕ್ಕೆ ಕೂತಾಗ ಅಣ್ಣ ಒಂದು ಹನಿಯೂ ಚೆಲ್ಲದಂತೆ ಸಾರು ಕಲಸಿಕೊಂಡು ಉಂಡ. ಮನೆಗೆ ಬಂದ ಮೇಲೆ ಒದಿನ ನನ್ನನ್ನು ಪಕ್ಕಕ್ಕೆ ಕರೆದು, ‘ಅದೇನೋ ತಾನಾಗೇ ಕೈಗೆ ಹೋಗೈತೆ ಪಾಪ, ಬಾಯಿಗೆ ಹಾಕು’ ಎಂದಳು. ಯಂತ್ರ ತಾನಾಗಿ ಏನೂ ಮಾಡುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಬಾಯಿಗೆ ಹಾಕಿ, ಬೈಗುಳಕ್ಕೆ ಸಿದ್ಧವಾಗಿ ನಿಂತೆ. ಅಣ್ಣ ನೀರು ಕೇಳಿದ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ. ಅಷ್ಟೇ. ನಾಲಿಗೆ ಸಡಿಲವಾಗಿದ್ದೂ ಅವನು ಸುಮ್ಮನಿದ್ದದ್ದನ್ನು ನಾನು ಜೀವಮಾನದಲ್ಲಿ ಮೊದಲ ಸಲ ಕಂಡೆ. ಸಾಯಂಕಾಲ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಮತ್ತೆ ಕೈಗೆ ಹಾಕಿ ಬಸ್ಸು ಹತ್ತಿಸಿದೆ.

ಮಾರನೆಯ ದಿನ ಭಾನುವಾರವಾದರೂ, ಬಾಯಿಯ ಸರದಿ ಆಗಲೇ ಮುಗಿದಿದೆಯೆಂಬ ನೆವದಿಂದ ನಾನು ಮೊಳಕಾಲ್ಮುರಿಗೆ ಹೋಗಲಿಲ್ಲ. ಆ ವಾರ ನನಗೆ ಶಾಲೆಯೂ ಇರಲಿಲ್ಲ, ನೆಮ್ಮದಿಯೂ ಇರಲಿಲ್ಲ. ಸಣ್ಣ ವಿಷಯ, ಕುಟುಂಬದ ಮರ್ಯಾದೆಗಾಗಿ ಮಾಡಿದ್ದು ಎಂದು ಸೋಮವಾರ ಸಮಾಧಾನ ಮಾಡಿಕೊಂಡೆ. ಮಾತಾಡುವವನ ಬಾಯಿಗೆ ಕೈ ಅಡ್ಡ ಹಿಡಿಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಮಂಗಳವಾರ ಕೇಳಿಕೊಂಡೆ. ಕೈ ಅಡ್ಡ ಹಿಡಿದರೆ ಅವನು ತಳ್ಳಿಹಾಕಬಹುದಿತ್ತು ಎಂದು ಬುಧವಾರ ಉತ್ತರ ಹೊಳೆಯಿತು. ಅಲ್ಲಿಂದ ಮುಂದೆ ವಾರ ಸಾಗುವುದೇ ಕಷ್ಟವಾಯಿತು.

ಮುಂದಿನ ಭಾನುವಾರ ನಾನು ಹೋದಾಗ ಅಣ್ಣ ಮಗ್ಗದಲ್ಲಿದ್ದ. ಬಾಯಿಗೆ ಹಾಕಲು ಯಂತ್ರ ತೆಗೆದೆ. ಹಾಕಿದ ಮೇಲೆ, ಅವನು ಮಾತಾಡುವುದಕ್ಕೆ ಮೊದಲೇ ಹೇಳಿಬಿಟ್ಟೆ, ಅವತ್ತು ಅದು ತಾನಾಗಿ ಆದದ್ದಲ್ಲ, ನಾನೇ ಒತ್ತಿದೆ ಎಂದು.

‘ಗೊತ್ತು’ ಎಂದ. ‘ಒತ್ತಿದಾಗೆಲ್ಲ ಬೆರಳ ತುದಿ ಜುಂ ಅಂತೈತೆ. ಅವತ್ತೂ ಅಂತು.’

ಮತ್ತೆ ಯಾಕೆ ಏನೂ ಅನ್ನಲಿಲ್ಲ ಎಂದು ಕೇಳಿದೆ.

‘ಬಾಯಿ ಇಲ್ಲದಾಗ ಅನ್ನಾಕಾಗ್ಲಿಲ್ಲ. ಬಾಯಿ ಬಂದ ಮ್ಯಾಲೆ ಅನ್ನಾಕೆ ಮನಸ್ಸು ಬರ್ಲಿಲ್ಲ. ನಿಂಗೆ ಅಷ್ಟು ಭಯ ಆತು ಅಂದ್ರೆ ನಾನು ಹೇಳಬಾರದಾಗಿತ್ತು ಅಂತಾನೇ ಲೆಕ್ಕ.’

ಅವನು ಜೇಬಿನಿಂದ ಆ ಚೀಟಿ ತೆಗೆದು ಕೊಟ್ಟ. ಸೊಟ್ಟ ಅಕ್ಷರಗಳಲ್ಲಿ ನಾಲ್ಕೇ ಸಾಲು. ಆ ವರ್ಷ ನಮ್ಮ ನಾಯ್ನ, ಎಂದರೆ ಅಪ್ಪ, ಕಾಯಿಲೆ ಬಿದ್ದಿದ್ದರು. ಪರೀಕ್ಷೆಯ ತಿಂಗಳಿನಲ್ಲೇ ಅಣ್ಣ ಯಾರದೋ ಮದುವೆಯ ಸೀರೆ ಒಪ್ಪಿಕೊಂಡು, ಲಾಳಿಯೊಳಗಿನ ಕಂಡಿಕೆಗಳಿಗೆ ನೂಲು ಸುತ್ತಲು ನನ್ನನ್ನು ಕೂರಿಸಿದ್ದ. ನನ್ನ ತಂಗಿ ಗಣಿತದಲ್ಲಿ ಫೇಲಾಗಲಿಲ್ಲ, ನಾನು ಅವಳನ್ನು ಫೇಲು ಮಾಡಿದೆ, ಇವತ್ತು ಎಲ್ಲರ ಮುಂದೆ ಅದನ್ನು ಒಪ್ಪಿಕೊಳ್ಳುತ್ತೇನೆ ಎಂದು ಚೀಟಿಯಲ್ಲಿತ್ತು.

‘ನೀನು ರಾಟೆ ಮುಂದೆ ಕುತ್ಕಂಡು ಒಂದು ಕೈಲಿ ಸುತ್ತುತಿದ್ದೆ, ತೊಡೆ ಮ್ಯಾಲೆ ಗಣಿತದ ಪುಸ್ತಕ ಇಟ್ಕಂಡಿದ್ದೆ. ಇನ್ನೂ ಕಣ್ಣಿಗೆ ಕಟ್ಟಿದಂಗೈತೆ’ ಎಂದ. ‘ಕೈ ನಡುಗಾಕೆ ಹತ್ತಿದಾಗ ಅದಕ್ಕೇ ಹಿಂಗಾತು ಅನ್ಕಂಡೆ.’

ನನಗೆ ಆ ಚೀಟಿ ಓದಿ ಅಳು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಹಿಂದೆಯೇ ಇನ್ನೊಂದು ನೆನಪೂ ಬಂತು. ಆ ಗಣಿತದ ಪುಸ್ತಕದೊಳಗೆ ಏನಿತ್ತೆಂದು ನನಗೊಬ್ಬಳಿಗೇ ಗೊತ್ತು. ಪಕ್ಕದ ಮನೆಯವರು ತರಿಸುತ್ತಿದ್ದ ವಾರಪತ್ರಿಕೆಯೊಂದರಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಅದರ ಹಾಳೆಗಳನ್ನು ಕಿತ್ತು ಬೀಜಗಣಿತದ ಅಧ್ಯಾಯದ ನಡುವೆ ಸೇರಿಸಿಕೊಂಡು ಓದುತ್ತಿದ್ದೆ. ರಾಟೆಯ ಮುಂದೆ ನನ್ನನ್ನು ಕೂರಿಸದೆ ಬೇರೆ ಕೋಣೆ ಕೊಟ್ಟಿದ್ದರೆ ಇನ್ನೂ ಹೆಚ್ಚು ಅಧ್ಯಾಯ ಓದುತ್ತಿದ್ದೆ, ಧಾರಾವಾಹಿಯದು. ನಾನು ಫೇಲಾದದ್ದು ನನ್ನ ಸ್ವಂತ ಪರಿಶ್ರಮದಿಂದ. ನಾನು ಅದನ್ನು ಮುಚ್ಚಿಟ್ಟ ಅಷ್ಟೂ ವರ್ಷ ಅಣ್ಣ ಅದನ್ನು ತನ್ನ ತಪ್ಪೆಂದು ಹೊತ್ತುಕೊಂಡು, ಅಷ್ಟು ಮಾತಿನ ನಡುವೆ ಅದೊಂದನ್ನು ಆಡದೆ ಬದುಕಿದ್ದ. ನಾನು ಅವನನ್ನು ಏನನ್ನೂ ಮುಚ್ಚಿಡಲು ಬಾರದವನು ಎಂದುಕೊಂಡಿದ್ದೆ.

ಹೇಳಲೇಬೇಕಾಯಿತು. ತಲೆ ಎತ್ತದೆ, ಧಾರಾವಾಹಿಯ ನಾಯಕ ಮಿಲಿಟರಿಯಿಂದ ಬಂದದ್ದು ಸಹಿತ ಹೇಳಿದೆ. ಅಣ್ಣ ನನ್ನನ್ನೇ ನೋಡಿದ. ಮೊದಲು ಅವನ ಮುಖ ಕೆಂಪಾಯಿತು, ಬೈಯುತ್ತಾನೆ ಎಂದುಕೊಂಡೆ. ಆಮೇಲೆ ನಗು ಹೊಟ್ಟೆಯಿಂದ ಎದ್ದು ಬಂತು. ಮಗ್ಗದ ಗುಂಡಿಯ ಅಂಚು ಹಿಡಿದುಕೊಂಡು ನಕ್ಕ, ಒದಿನ ಅಡುಗೆಮನೆಯಿಂದ ಓಡಿ ಬಂದು ಚಿಪ್ಪಿಗೇನಾಯಿತು ಎಂದು ಕೇಳುವಷ್ಟು ನಕ್ಕ. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, ‘ಅವತ್ತು ಸ್ಟೇಜಿನ ಮ್ಯಾಲೆ ಮಾತಾಡಬೇಕಾಗಿದ್ದು ನಾನಲ್ಲ ಕಣೆ’ ಎಂದ.

ಯಂತ್ರವನ್ನು ನಾನು ಅಲ್ಲೇ ಅವನ ಮುಂದಿಟ್ಟೆ. ಇನ್ನು ಇದು ನನ್ನ ಬ್ಯಾಗಿನಲ್ಲಿರುವುದು ಬೇಡ ಎಂದೆ. ಅವನೂ ಬೇಡವೆನ್ನಲಿಲ್ಲ, ಎತ್ತಿ ಮಡಿಲಲ್ಲಿಟ್ಟುಕೊಂಡ. ಇಂಗ್ಲಿಷಿನದು ತೊಂದರೆಯಾಗಲಿಲ್ಲ, ಕೈಯ ಜಾಗಕ್ಕೆ ಕೆಂಪು ಚುಕ್ಕಿ, ಬಾಯಿಯ ಜಾಗಕ್ಕೆ ಹಸಿರು ಚುಕ್ಕಿ ಅಂಟಿಸಿದೆ. ತೊಂದರೆ ಬೇರೆ ಇತ್ತು. ಅಳತೆ ‘ಕೈ’ಯಲ್ಲಿದ್ದಾಗ ಅವನು ಬಾಯಿಯ ಚುಕ್ಕಿ ಸಲೀಸಾಗಿ ಒತ್ತುತ್ತಿದ್ದ. ಬಾಯಿಯಲ್ಲಿದ್ದಾಗ ಬೆರಳು ನಡುಗಿ ಕೈಯ ಚುಕ್ಕಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿತ್ತೇ ಹೊರತು ಮೇಲೆ ಕೂರುತ್ತಿರಲಿಲ್ಲ. ಎಂದರೆ ತನ್ನ ಮಾತು ತಾನೇ ಶುರುಮಾಡಬಲ್ಲ, ನಿಲ್ಲಿಸಲು ಇನ್ನೊಬ್ಬರು ಬೇಕು. ಇದನ್ನು ಕೇಳಿ ನಮ್ಮನೆಯವರು ಅಂಗಡಿಯಲ್ಲಿ ಕೂತು ಒಂದು ಮರದ ಚೌಕಟ್ಟು ಮಾಡಿದರು. ಯಂತ್ರವನ್ನು ಅದರೊಳಗೆ ಕೂರಿಸಿದರೆ ಮೇಲೆ ಎರಡೇ ಗುಳಿ. ನಡುಗುವ ಬೆರಳಾದರೂ ಗುಳಿಯೊಳಗೆ ಇಳಿದರೆ ಅಲ್ಲೇ ನಿಲ್ಲುತ್ತದೆ. ಅಯಸ್ಕಾಂತದ ಹೆದರಿಕೆಗೆ ಒಂದೇ ಒಂದು ಕಬ್ಬಿಣದ ಮೊಳೆಯನ್ನೂ ಅದಕ್ಕೆ ಬಳಸಲಿಲ್ಲ, ಎಲ್ಲ ಅಂಟಿನಲ್ಲೇ. ಮುಂದಿನ ಸಲ ತೋರಿಸಿದಾಗ ಡಾಕ್ಟರು ಅದರ ಫೋಟೋ ತೆಗೆದುಕೊಂಡರು. ನಮ್ಮನೆಯವರು ಅದನ್ನು ಬಂದಬಂದವರಿಗೆಲ್ಲ ಹೇಳುತ್ತಾರೆ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದದ್ದನ್ನೂ ಅವರಿಗೆ ಹೇಳಿಬಿಟ್ಟೆ. ಅಷ್ಟೇನಾ ಎಂದರು. ಅಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ಇನ್ನೂ ಸ್ವಲ್ಪ ಗೌರವ ಸಿಗಬಹುದಿತ್ತು ಎನ್ನಿಸಿತು.

ಈಗ ಯಾವಾಗ ಕೈ, ಯಾವಾಗ ಬಾಯಿ ಎಂಬುದು ಅಣ್ಣನಿಗೇ ಬಿಟ್ಟದ್ದು. ಫೋನು ಮತ್ತೆ ಬರುತ್ತದೆ, ಆದರೆ ಹೊತ್ತು ಬದಲಾಗಿದೆ. ಹನ್ನೊಂದು ಗಂಟೆಗೆ ಮಾಡುತ್ತಾನೆ. ನಿವೃತ್ತಳಾದವಳಿಗೆ ಹನ್ನೊಂದು ಗಂಟೆಗೆ ಏನು ಕೆಲಸ. ಐದು ನಿಮಿಷ ಅವನು ಮಾತಾಡುತ್ತಾನೆ. ಆಮೇಲೆ, ‘ಈಗ ನೀನು ಹೇಳು ಪಾಪ’ ಎನ್ನುತ್ತಾನೆ. ನಾನು ನೀರು ಬಾರದ್ದು, ಮೊಣಕಾಲು ನೋವು, ನನ್ನ ನಂತರ ಬಂದ ಮೇಡಂ ಹುಡುಗರಿಗೆ ಪ್ರಮೇಯವನ್ನು ತಲೆಕೆಳಗಾಗಿ ಕಲಿಸುತ್ತಿರುವುದು, ನಮ್ಮನೆಯವರು ಊಟಕ್ಕೆ ತಡವಾಗಿ ಬರುವುದು, ಎಲ್ಲ ಹೇಳುತ್ತೇನೆ. ಅವನು ಹೂಂ ಎನ್ನುತ್ತಿರುತ್ತಾನೆ. ಎಷ್ಟು ಚೆನ್ನಾಗಿ ಕೇಳಲು ಕಲಿತಿದ್ದಾನೆ, ವಯಸ್ಸು ಮನುಷ್ಯನನ್ನು ಹೇಗೆ ಮಾಗಿಸುತ್ತದೆ ಎಂದು ಮೊನ್ನೆ ಒದಿನಳ ಹತ್ತಿರ ಹೊಗಳಿದೆ.

ಅವಳು ಮುಗ್ಧೆ, ಮುಚ್ಚಿಡಲು ಬರುವುದಿಲ್ಲ. ‘ನೀನು ಶುರು ಮಾಡಿದ ಕೂಡ್ಲೇ ಕೈಗೆ ಹಾಕ್ಕಂಡು ಮಗ್ಗಕ್ಕೆ ಇಳೀತಾರೆ, ಫೋನು ಸ್ಪೀಕರಿಗೆ ಹಾಕಿ ಪಕ್ಕದಾಗೆ ಇಟ್ಕಂತಾರೆ’ ಎಂದಳು. ‘ಹೂಂ ಅನ್ನಾಕೆ ಮಾತ್ರ ನಾಲಿಗೆ ಏನೂ ತೊಂದ್ರೆ ಕೊಡಲ್ವಂತೆ. ಮೊನ್ನೆ ನಿನ್ನ ಮೊಣಕಾಲಿಂದು ಹೇಳಿದ್ಯಲ್ಲ ಪಾಪ, ಅವತ್ತು ಫೋನು ಇಡೋ ಹೊತ್ತಿಗೆ ಒಂದು ಗೇಣು ಸೀರೆ ಮುಗಿದಿತ್ತು.’

ಯಾರದೋ ಮನೆಯ ಮದುವೆಯಲ್ಲಿ ಯಾವಳೋ ಹುಡುಗಿ ಆ ಸೀರೆ ಉಡುತ್ತಾಳೆ. ಅದರಲ್ಲಿ ಒಂದು ಗೇಣು ನನ್ನ ಮೊಣಕಾಲು ಎಂದು ಅವಳಿಗೆ ತಿಳಿಯುವುದಿಲ್ಲ. ಸೆರಗಿಗೆ ಎಷ್ಟು ಬೇಕಾಗುತ್ತದೆ ಎಂದು ಒದಿನಳನ್ನು ಕೇಳಿದೆ. ಮೂರು ಗೇಣಿನ ಮೇಲೆ ಎಂದಳು. ನಾಳೆ ಹನ್ನೊಂದಕ್ಕೆ ಹೇಳಲು ಏನೇನಿದೆ ಎಂದು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೇನೆ.